ಹಕ್ಕಿ ರಿಂಗಿಂಗ್ ಕ್ಯಾಂಪಿಗೆ ಸ್ವಯಂಸೇವಕನಾಗಿ ಹೋಗುವ ಮೊದಲು ಏನೇನು ಗೊತ್ತಿರಬೇಕು?

ಹಿರೇಹಳ್ಳ_ಕೊಪ್ಪಳ:

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದವನು, ಪ್ರಾಣಿಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದೇನೆ. ಈ ಚಳಿಗಾಲದಲ್ಲಿ ತಮಿಳುನಾಡಿನ ಕೊಡಿಯಕ್ಕರೈಯಲ್ಲಿ ವಲಸೆ ಹಕ್ಕಿಗಳ ಕಾಲಿಗೆ ನಂಬರ್ ಬರೆದ ಲೋಹದ ರಿಂಗ್ ಹಾಕುವ ಕೆಲಸಕ್ಕೆ ಸಹಾಯಕನಾಗಿ ಹೋಗುವುದಿದೆ. ದೂರದಿಂದ ನೋಡಿ ಹಕ್ಕಿ ಗುರುತಿಸುವುದು ತಕ್ಕಮಟ್ಟಿಗೆ ಬರುತ್ತದೆ, ಕೈಯಲ್ಲಿ ಹಿಡಿದು ಗೊತ್ತಿಲ್ಲ.

ಅಲ್ಲಿ ಹೊಸಬರಿಗೆ ಯಾವ ಕೆಲಸ ಕೊಡುತ್ತಾರೆ? ಬಲೆಯಿಂದ ಹಕ್ಕಿ ಬಿಡಿಸುವುದು ಹೇಗೆ, ಎಲ್ಲಿ ತಪ್ಪುತ್ತದೆ? ಏನು ತೆಗೆದುಕೊಂಡು ಹೋಗಬೇಕು? ಇನ್ನೊಂದು ವಿಚಾರ. ಬಂದ ಮೇಲೆ ನಮ್ಮ ತುಂಗಭದ್ರಾ ಹಿನ್ನೀರಿನ ದಂಡೆಯಲ್ಲೇ ಗೆಳೆಯರು ಸೇರಿ ಸಣ್ಣದಾಗಿ ಇಂಥದ್ದೊಂದು ಶುರು ಮಾಡಬಹುದಾ? ಬಲೆ ಆನ್‌ಲೈನ್‌ನಲ್ಲಿ ಸಿಗುತ್ತಿದೆ.

—

ದರೋಜಿಬಂಡೆ (ಬಳ್ಳಾರಿ):

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬಲೆ ಕೊಳ್ಳಬೇಡಿ. ಯಾಕೆ ಅನ್ನುವುದನ್ನು ಕಾನೂನು ಬಲ್ಲವರು ಕೆಳಗೆ ಬರೆಯುತ್ತಾರೆ. ನಾನು ಬಲೆ ಮತ್ತು ಕೈಕೆಲಸದ ಬಗ್ಗೆ ಹೇಳುತ್ತೇನೆ.

ಮಿಸ್ಟ್ ನೆಟ್ ಅಂದರೆ ಕಪ್ಪು ನೂಲಿನ, ಕಣ್ಣಿಗೆ ಕಂಡೂ ಕಾಣದಂಥ ಬಲೆ. ಉದ್ದ ಸಾಮಾನ್ಯವಾಗಿ 6, 9 ಅಥವಾ 12 ಮೀಟರ್, ಎತ್ತರ ಸುಮಾರು ಎರಡೂವರೆ ಮೀಟರ್. ಅಡ್ಡಕ್ಕೆ ಐದು ಗಟ್ಟಿ ಹುರಿಗಳಿರುತ್ತವೆ. ಹುರಿ ಬಿಗಿಯಾಗಿರುತ್ತದೆ, ನಡುವಿನ ಬಲೆ ಮಾತ್ರ ಸಡಿಲವಾಗಿ ಜೋತು ಬಿದ್ದು ನಾಲ್ಕು ಜೋಳಿಗೆ ಆಗುತ್ತವೆ. ಹಾರಿ ಬಂದ ಹಕ್ಕಿ ಬಲೆಗೆ ಬಡಿದು ಹುರಿಯ ಕೆಳಗಿನ ಜೋಳಿಗೆಗೆ ಇಳಿಯುತ್ತದೆ. ಹಿಡಿಯುವುದು ಈ ಸಡಿಲವೇ. ಬಲೆಯನ್ನು ಉದ್ದಕ್ಕೆ ವಿಪರೀತ ಎಳೆದು ಕಟ್ಟಿದರೆ ಜೋಳಿಗೆ ಮಾಯವಾಗಿ, ಹಕ್ಕಿ ಪುಟಿದು ಹೋಗುತ್ತದೆ. ತೀರಾ ಸಡಿಲ ಬಿಟ್ಟರೆ ಕೆಳಗಿನ ಜೋಳಿಗೆ ನೆಲ ಮುಟ್ಟುತ್ತದೆ. ಹಕ್ಕಿ ಬಿದ್ದಾಗ ಅದರ ಭಾರಕ್ಕೆ ಬಲೆ ಇನ್ನೂ ಇಳಿಯುವುದರಿಂದ ಕೆಳಗಿನ ಹುರಿಯನ್ನು ನೆಲದಿಂದ ಒಂದು ಮೊಳದಷ್ಟಾದರೂ ಮೇಲೆ ಇಡಬೇಕು. ಇಲ್ಲದಿದ್ದರೆ ಇರುವೆ ಹತ್ತುತ್ತವೆ, ಬೆಕ್ಕು ಮುಂಗುಸಿ ಬಾಯಿ ಹಾಕುತ್ತವೆ, ಇಬ್ಬನಿಯ ಹುಲ್ಲಿಗೆ ತಾಗಿ ಹಕ್ಕಿಯ ಎದೆ ಒದ್ದೆಯಾಗುತ್ತದೆ.

ಬಲೆಯ ಕಣ್ಣಿನ ಅಳತೆಯನ್ನು ಗಂಟಿನಿಂದ ಗಂಟಿಗೆ ಹೇಳುತ್ತಾರೆ. ಉಲಿಯಕ್ಕಿ, ಸೂರಕ್ಕಿ, ರಾಟವಾಳದಂಥ ಸಣ್ಣವಕ್ಕೆ 16 ಮಿ.ಮೀ., ಗೊರವ, ಮೈನಾದಂಥವಕ್ಕೆ ಇನ್ನೂ ದೊಡ್ಡ ಕಣ್ಣು. ದೊಡ್ಡ ಕಣ್ಣಿನ ಬಲೆಗೆ ಸಣ್ಣ ಹಕ್ಕಿ ಬಿದ್ದರೆ ತಲೆ, ರೆಕ್ಕೆ ಎರಡೂ ತೂರಿ ರೆಕ್ಕೆಯ ಬುಡಕ್ಕೆ ದಾರ ಬಿಗಿಯುತ್ತದೆ. ಬಿಡಿಸಲು ಅತಿ ಕಷ್ಟವಾಗುವುದು ಇದೇ.

ಬಲೆ ಹಾಕುವ ಓಣಿಯನ್ನು ಎರಡೂ ಕಡೆ ಒಂದೊಂದು ಮೀಟರ್ ಸವರಿರಬೇಕು. ಕೊಡಿಯಕ್ಕರೈಯಲ್ಲೂ ನಮ್ಮ ಬಳ್ಳಾರಿ ಜಾಲಿಯೇ ಹಬ್ಬಿದೆ. ಹೆಸರು ನಮ್ಮದು, ಉಪದ್ರವ ಎಲ್ಲರದ್ದು. ಒಂದು ಮುಳ್ಳಿಗೆ ಬಲೆ ಸಿಕ್ಕಿದರೆ ಅರ್ಧ ತಾಸು ಹೋಯಿತು, ಬಲೆಯೂ ಹರಿಯುತ್ತದೆ. ಬಲೆ ಮುಚ್ಚುವಾಗ ಹುರಿಗಳ ಕುಣಿಕೆಗಳನ್ನು ಒಟ್ಟಿಗೆ ಸರಿಸಿ, ಬಲೆಯನ್ನು ಉದ್ದಕ್ಕೂ ಬಿಗಿಯಾಗಿ ಸುತ್ತಿ, ಎರಡು ಮೂರು ಕಡೆ ಬಟ್ಟೆ ಪಟ್ಟಿಯಿಂದ ಕಟ್ಟುತ್ತಾರೆ. ಸುಮ್ಮನೆ ಇಳಿಬಿಟ್ಟು ಹೋದರೆ ಯಾರೂ ನೋಡದ ಹೊತ್ತಲ್ಲಿ ಹಕ್ಕಿ ಬಿದ್ದು ಸಾಯುತ್ತದೆ. ಹೊಸಬರಿಗೆ ಮೊದಲು ಒಪ್ಪಿಸುವ ಕೆಲಸ ಈ ಬಿಚ್ಚುವುದು, ಮುಚ್ಚುವುದು. ಇದರಲ್ಲಿ ಶಿಸ್ತು ಕಂಡ ಮೇಲೆಯೇ ಹಕ್ಕಿಯ ಮಾತು.

ಬಿಡಿಸುವ ಕ್ರಮ ಹೀಗೆ. ಕೈ ಹಾಕುವ ಮೊದಲು ನೋಡಿ: ಹಕ್ಕಿ ಯಾವ ಕಡೆಯಿಂದ ಬಂದು ಬಿತ್ತು? ಅದು ಬಂದ ಕಡೆಗೇ ಜೋಳಿಗೆಯ ಬಾಯಿ ಇರುತ್ತದೆ. ಆ ಕಡೆ ನಿಂತು ಬಾಯಿ ಅಗಲಿಸಿದರೆ ಹಕ್ಕಿಯ ಹೊಟ್ಟೆಯೋ ಬಾಲವೋ ಬಲೆ ಇಲ್ಲದೆ ಕಾಣಬೇಕು. ಎಲ್ಲಿ ನೋಡಿದರೂ ಬಲೆಯೇ ಕಂಡರೆ ನೀವು ತಪ್ಪು ಕಡೆ ನಿಂತಿದ್ದೀರಿ. ಮೊದಲು ಕಾಲು. ಹಕ್ಕಿ ಬಲೆಯನ್ನು ಬೆರಳಲ್ಲಿ ಮುಷ್ಟಿ ಹಿಡಿದಿರುತ್ತದೆ. ಕಾಲನ್ನು ಮೆಲ್ಲಗೆ ನೇರ ಮಾಡಿದರೆ ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತದೆ, ಮಡಿಸಿದರೆ ಇನ್ನೂ ಬಿಗಿಯುತ್ತದೆ. ಕಾಲು ಹಿಡಿಯುವಾಗ ದೇಹಕ್ಕೆ ಹತ್ತಿರ, ತೊಡೆಯ ಭಾಗದಲ್ಲಿ ಎರಡೂ ಕಾಲು ಸೇರಿಸಿ ಹಿಡಿಯಿರಿ. ತುದಿಯಲ್ಲಿ ಒಂದೇ ಕಾಲು ಹಿಡಿದಾಗ ಹಕ್ಕಿ ಒದ್ದಾಡಿದರೆ ಮೂಳೆ ಮುರಿಯುತ್ತದೆ. ಆಮೇಲೆ ರೆಕ್ಕೆ: ಮಣಿಕಟ್ಟಿನ ಮೂಲೆಗೆ ಸಿಕ್ಕ ದಾರವನ್ನು ಮುಂದಕ್ಕೆ ಜಾರಿಸಬೇಕು, ರೆಕ್ಕೆಯನ್ನು ಎಳೆಯಬಾರದು. ಕೊನೆಗೆ ತಲೆ. ಹಿಂದಲೆಯಿಂದ ಕೊಕ್ಕಿನ ಕಡೆಗೆ ದಾರ ಸರಿಸಿದರೆ ಬಂದುಬಿಡುತ್ತದೆ.

ತಪ್ಪುವ ಜಾಗಗಳು ಮೂರು. ಒಂದು, ನಾಲಿಗೆಗೆ ದಾರ ಸಿಕ್ಕಿರುವುದು. ನಾಲಿಗೆಯ ಹಿಂಭಾಗದಲ್ಲಿ ಹಿಂದಕ್ಕೆ ಬಾಗಿದ ಮುಳ್ಳುಗಳಿರುವುದರಿಂದ ಎಳೆದಷ್ಟೂ ಸಿಗಿಯುತ್ತದೆ. ಇದಕ್ಕೆ ಹೊಸಬರು ಕೈ ಹಾಕಲೇಬಾರದು. ಎರಡು, ಹಕ್ಕಿ ಗಿರಕಿ ಹೊಡೆದು ಬಲೆಯನ್ನು ತಿರುಚಿಕೊಂಡಿರುವುದು. ಮೊದಲು ತಿರುಚನ್ನು ಬಿಡಿಸಿ, ಆಮೇಲೆ ಹಕ್ಕಿಯನ್ನು. ಮೂರು, ಹಟ. ಎರಡು ಮೂರು ನಿಮಿಷದಲ್ಲಿ ಮುಂದುವರಿಯದಿದ್ದರೆ ಹಿರಿಯರನ್ನು ಕೂಗಿ. ಸಣ್ಣ ಕತ್ತರಿ ಅವರ ಹತ್ತಿರ ಇರುತ್ತದೆ. ಒಂದೆರಡು ಎಳೆ ಕತ್ತರಿಸಿದರೆ ಬಲೆಗೆ ಹೊಲಿಗೆ ಹಾಕಬಹುದು. ಕತ್ತರಿಸಿದ ಎಳೆ ಹಕ್ಕಿಯ ಕಾಲಿಗೋ ಕತ್ತಿಗೋ ಸುತ್ತಿಕೊಂಡು ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಚೀಲಕ್ಕೆ ಹಾಕಬೇಕು.

ಹಿಡಿತದ ವಿಷಯ: ಹಕ್ಕಿಯ ಬೆನ್ನು ನಿಮ್ಮ ಅಂಗೈಗೆ, ಕತ್ತು ತೋರುಬೆರಳು ಮತ್ತು ನಡುಬೆರಳ ಸಂದಿನಲ್ಲಿ. ಉಳಿದ ಬೆರಳು ರೆಕ್ಕೆಯ ಮೇಲೆ ಸಡಿಲವಾಗಿ. ಕತ್ತು ಬಿಗಿ ಹಿಡಿದರೆ ಅಪಾಯ ಎಂದು ಎಲ್ಲರಿಗೂ ಗೊತ್ತಿರುತ್ತದೆ, ಎದೆ ಬಿಗಿ ಹಿಡಿಯುವುದೇ ಹೆಚ್ಚು ಅಪಾಯ. ನಮ್ಮ ಹಾಗೆ ಹಕ್ಕಿಗೆ ವಪೆ ಇಲ್ಲ. ಎದೆಮೂಳೆ ಏಳದಿದ್ದರೆ ಉಸಿರಾಟವೇ ಇಲ್ಲ.

ಬಿಡಿಸಿದ ಹಕ್ಕಿ ಹತ್ತಿಬಟ್ಟೆಯ ಚೀಲಕ್ಕೆ. ಒಂದು ಚೀಲಕ್ಕೆ ಒಂದೇ ಹಕ್ಕಿ. ಹೊಲಿಗೆಯ ಅಂಚು ಚೀಲದ ಹೊರಗಿರಬೇಕು, ಒಳಗಿದ್ದರೆ ಎಳೆಗೆ ಉಗುರು ಸಿಗಿಯುತ್ತದೆ. ಬಲೆ ನಂಬರ್ ಬರೆದ ಬಟ್ಟೆ ಕ್ಲಿಪ್ಪನ್ನು ಚೀಲಕ್ಕೆ ಸಿಕ್ಕಿಸಿ ನೆರಳಲ್ಲಿ ತೂಗುಹಾಕುತ್ತಾರೆ. ಚೀಲವನ್ನು ನೆಲದ ಮೇಲೆ ಇಡುವ ಅಭ್ಯಾಸ ಬೇಡವೇ ಬೇಡ, ಯಾರಾದರೂ ತುಳಿಯುತ್ತಾರೆ.

—

ಮಸ್ಕಿನಾಲಾ (ರಾಯಚೂರು):

ದರೋಜಿಬಂಡೆ ಅಣ್ಣೋರು ಬಲಿ ಬಗ್ಗೆ ಎಲ್ಲ ಹೇಳ್ಯಾರ. ನಾ ಟೇಬಲ್ ಕೆಲಸದ ಬಗ್ಗೆ ಹೇಳ್ತೀನಿ, ಯಾಕಂದ್ರ ಹೊಸಬರು ಹೆಚ್ಚು ಹೊತ್ತು ಕುಂದ್ರೋದು ಅಲ್ಲೇ, ಮತ್ತ ಅಲ್ಲಿ ಆದ ತಪ್ಪು ಯಾರಿಗೂ ಕಾಣಂಗಿಲ್ಲ. ಹಕ್ಕಿ ಕಾಲು ನೋವಾದ್ರ ಕಣ್ಣಿಗೆ ಕಾಣ್ತದ. ರಿಂಗ್ ನಂಬರಿನಾಗ 6 ಇದ್ದದ್ದು 9 ಆದ್ರ ಆ ಹಕ್ಕಿ ದಾಖಲೆ ಸತ್ತಂಗ.

ರಿಂಗ್ ಹಾಕೋರು ಬಾಯಿಲೆ ಹೇಳ್ತಾರ, ನೀವು ಬರೀತೀರಿ. ಬರದ ಮ್ಯಾಲ ನೀವು ತಿರುಗಿ ಓದಬೇಕು, ಒಂದೊಂದ ಅಂಕಿ ಬಿಡಿಸಿ. "ಹೂಂ" ಅಂದ್ರ ನಡಿಯಂಗಿಲ್ಲ. ರಿಂಗುಗಳು ದಾರಕ್ಕ ಅಥವಾ ತಂತಿಗೆ ನಂಬರಿನ ಸಾಲಿನ ಪ್ರಕಾರ ಪೋಣಿಸಿ ಬರ್ತಾವ. ಹಾಳೆಯಾಗೂ ಸಾಲು ಹಂಗೇ ಬರಬೇಕು. ನಡುವ ಒಂದು ನಂಬರ್ ಕಾಣದಿದ್ರ ಅಲ್ಲೇ ನಿಂದ್ರಿಸಿ ಕೇಳ್ರಿ: ಬಿದ್ದು ಹೋಯಿತಾ, ಸೊಟ್ಟಾಗಿ ತೆಗೆದು ಹಾಕಿದ್ರಾ? ಹಾಳಾದ ರಿಂಗೂ ಹಾಳ್ಯಾಗ ಬರೀಬೇಕು. ಮೊದಲೇ ರಿಂಗ್ ಇದ್ದ ಹಕ್ಕಿ ಮತ್ತ ಸಿಕ್ರ ಅದರ ನಂಬರ್ ಇಬ್ಬರು ಬ್ಯಾರೆ ಬ್ಯಾರೆ ಓದಬೇಕು. ಮರಳಿ ಸಿಕ್ಕ ಹಕ್ಕಿಯಿಂದಲೇ ಆಯಸ್ಸು, ವಲಸೆ ಎಲ್ಲ ತಿಳಿಯೋದು. ಅದಕ್ಕೇ ಈ ಕೆಲಸ ಮಾಡೋದು.

ಕ್ರಮ ಸಾಮಾನ್ಯ ಹಿಂಗಿರ್ತದ: ಜಾತಿ ಖಚಿತ ಮಾಡಿಕೊಂಡು ಮೊದಲು ರಿಂಗ್, ಆಮ್ಯಾಲ ವಯಸ್ಸು, ಗಂಡು ಹೆಣ್ಣು, ರೆಕ್ಕೆ, ಕಣಕಾಲು, ಕೊಕ್ಕು, ಕೊಬ್ಬು, ಗರಿ ಉದುರೋ ಹಂತ, ಕೊನಿಗೆ ತೂಕ. ರಿಂಗ್ ಯಾಕ ಮೊದಲು ಅಂದ್ರ, ಅಳತಿ ಮಾಡೋವಾಗ ಕೈ ತಪ್ಪಿ ಹಾರಿ ಹೋದ್ರೂ ರಿಂಗ್ ನಂಬರ್ ಮತ್ತ ಜಾತಿ ಆದ್ರೂ ಉಳಿತದ.

ರಿಂಗ್ ಅಲ್ಯೂಮಿನಿಯಂದು. ಇಕ್ಕಳದಾಗ ಅದರ ಅಳತಿಗೆ ತಕ್ಕ ತೂತು ಇರ್ತದ. ಮುಚ್ಚಿದ ಮ್ಯಾಲ ಎರಡು ತುದಿ ಸರಿಯಾಗಿ ಕೂಡಬೇಕು. ಸಂದು ಉಳದ್ರ ಅದರಾಗ ಹುಲ್ಲು, ನಾರು ಸಿಗಿತದ. ಒಂದರ ಮ್ಯಾಲ ಒಂದು ಏರಿದ್ರ ಕಾಲು ಒತ್ತಿ ಗಾಯ ಆಗ್ತದ. ರಿಂಗ್ ಕಾಲ ಮ್ಯಾಲ ಸುತ್ತಲೂ ತಿರುಗಬೇಕು, ಮ್ಯಾಲ ಕೆಳಗ ಜಾರಬೇಕು, ಆದ್ರ ಕೀಲು ದಾಟಬಾರದು. ಇದನ್ನ ಹೊಸಬರು ಮಾಡೋದಲ್ಲ, ಆದ್ರ ಬರಿಯೋರು ನೋಡಿ ಕಲೀಬೇಕು.

ಕೊಬ್ಬು ಅಂದ್ರ ಗಂಟಲ ಕುಳಿಯಾಗ ತೊಗಲಿನ ಕೆಳಗ ಕಾಣೋ ಹಳದಿ. ಎದಿ ಗರಿ ಊದಿ ನೋಡ್ತಾರ. ವಲಸೆ ಹಕ್ಕಿ ಹೊರಡೋ ಮುಂದ ಅದು ತುಂಬಿ ಉಬ್ಬಿರ್ತದ, ಹಾರಿ ಬಂದು ಇಳದಾಗ ಖಾಲಿ. ಗರಿ ಉದುರೋದಕ್ಕ ಒಂದೊಂದು ಹಾರುಗರಿಗೆ 0ದಿಂದ 5ರ ತನಕ ಅಂಕ: ಹಳೇದು 0, ಪೂರ್ತಿ ಹೊಸದು 5. ಹತ್ತು ದೊಡ್ಡ ಗರಿ ಪೂರಾ ಹೊಸವಾದ್ರ 50. ಹಾಳ್ಯಾಗ ಅಂಕಿ ಸಾಲು ಎಡ ಬಲ ಅದಲು ಬದಲು ಮಾಡಿದ್ರ ಏನೂ ಉಪಯೋಗ ಇಲ್ಲ. ಗರಿ ಎಣಿಕಿ ಎಲ್ಲಿಂದ ಶುರು ಅಂತ ಮೊದಲ ದಿನಾನೇ ಕೇಳಿಕೊಳ್ರಿ.

ತೂಕದಾಗ ಎರಡು ತಪ್ಪು ಬಹಳ. ಬಿಂದು ಬಿಡೋದು, 8.4 ಇದ್ದದ್ದು 84 ಆಗೋದು. ಚೀಲದ ತೂಕ ಕಳೆಯೋದು ಮರೆಯೋದು. ಚೀಲ ಹಕ್ಕಿ ಬಿಟ್ಟ ಮ್ಯಾಲ ತೂಗ್ರಿ, ಮೊದಲಲ್ಲ. ಹಕ್ಕಿ ಒಳಗಿದ್ದಾಗ ಹಿಕ್ಕಿ ಹಾಕಿರ್ತದ, ಅದೂ ಚೀಲದ ಲೆಕ್ಕಕ್ಕ ಬರಬೇಕು. ಬರಿಯಾಕ ಪೆನ್ಸಿಲ್ ತಗೋರಿ, ಜೆಲ್ ಪೆನ್ನು ಬೆವರಿಗೆ ಹರಡ್ತದ.

ಬಲಿ ತೆರದ ಟೈಮು, ಮುಚ್ಚಿದ ಟೈಮು ಕೂಡ ಬರೀರಿ, ಒಂದೊಂದು ಬಲಿಗೂ. 12 ಮೀಟರ್ ಬಲಿ ಒಂದು ತಾಸು ತೆರೆದಿದ್ರ ಒಂದು ಬಲಿ-ತಾಸು ಅಂತ ಲೆಕ್ಕ. ಇದು ಇಲ್ಲಂದ್ರ "ಈ ವರ್ಷ ಹಕ್ಕಿ ಕಡಿಮಿ ಆದ್ವು" ಅನ್ನಾಕ ಆಧಾರ ಇಲ್ಲ. ಬಲಿ ಕಡಿಮಿ ಹೊತ್ತು ತೆರೆದಿತ್ತೋ, ಹಕ್ಕಿನೇ ಕಡಿಮಿಯೋ, ಯಾರಿಗೆ ಗೊತ್ತು?

—

ಹೊಲದಬದು (ಬಳ್ಳಾರಿ, ಸಿರುಗುಪ್ಪ):

ಕಾನೂನಿನ ಭಾಗ ನಾನು ಬರೆಯುತ್ತೇನೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬುದರ ಅರ್ಥ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಬಲೆಗೆ ಬೀಳಿಸುವುದು, ಅದಕ್ಕೆ ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. ಹಿಡಿದು ರಿಂಗ್ ಹಾಕಿ ಬಿಟ್ಟೆವು ಎಂಬ ಸಮರ್ಥನೆ ಅಲ್ಲಿ ನಿಲ್ಲುವುದಿಲ್ಲ. ವೈಜ್ಞಾನಿಕ ಸಂಶೋಧನೆಗೆ 12ನೇ ಸೆಕ್ಷನ್ ಅಡಿ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಪರವಾನಗಿ ಕೊಡಬಹುದು. ಒಂದನೇ ಅನುಸೂಚಿಯ (ಅತಿ ಹೆಚ್ಚು ರಕ್ಷಣೆಯ ಪಟ್ಟಿ) ಪ್ರಾಣಿಪಕ್ಷಿಯಾದರೆ ಅದಕ್ಕೂ ಮೊದಲು ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. 2022ರ ತಿದ್ದುಪಡಿಯಲ್ಲಿ ಅನುಸೂಚಿಗಳನ್ನು ಹೊಸದಾಗಿ ಜೋಡಿಸಿದ್ದಾರೆ. ಹಳೆಯ ಪಟ್ಟಿ ನೋಡಿಕೊಂಡು "ಈ ಹಕ್ಕಿಗೇನೂ ತೊಂದರೆ ಇಲ್ಲ" ಎಂದುಕೊಳ್ಳಬೇಡಿ.

ಪರವಾನಗಿ ಸಂಸ್ಥೆ ಅಥವಾ ಸಂಶೋಧಕರ ಹೆಸರಿನಲ್ಲಿ, ಇಂಥ ಜಾಗ, ಇಂಥ ಅವಧಿ, ಇಂಥ ಉದ್ದೇಶ ಎಂದು ಇರುತ್ತದೆ. ಸ್ವಯಂಸೇವಕ ಅದರ ನೆರಳಿನಲ್ಲಿ ಕೆಲಸ ಮಾಡುತ್ತಾನೆ ಅಷ್ಟೆ. ಕ್ಯಾಂಪ್ ಮುಗಿಸಿ ಬಂದ ಮೇಲೆ ಅದು ನಿಮ್ಮ ಜೊತೆ ಕೊಪ್ಪಳಕ್ಕೆ ಬರುವುದಿಲ್ಲ. ಹೋಗುವಾಗ ಪರವಾನಗಿಯ ಪ್ರತಿಯಲ್ಲಿ ಸಹಾಯಕರ ಪಟ್ಟಿ ಇದ್ದರೆ ನಿಮ್ಮ ಹೆಸರಿದೆಯೇ ಎಂದು ಕೇಳಿ. ತಪಾಸಣೆಗೆ ಅರಣ್ಯ ಸಿಬ್ಬಂದಿ ಬಂದಾಗ ಇದು ಕೆಲಸಕ್ಕೆ ಬರುತ್ತದೆ. ನೆನಪಿಗೆಂದು ಗರಿ ಜೇಬಿಗೆ ಹಾಕಿಕೊಂಡು ಬರುವುದೂ ಬೇಡ.

ನಮ್ಮ ದೇಶದಲ್ಲಿ ಈ ಕೆಲಸ ಬಹುಕಾಲದಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೂಲಕ ನಡೆದುಬಂದಿದೆ. 1959ರಲ್ಲಿ ಸಲೀಂ ಅಲಿ ಅವರ ಮುಂದಾಳತ್ವದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೊಡ್ಡ ಪ್ರಮಾಣದಲ್ಲಿ ರಿಂಗ್ ಹಾಕಲು ಶುರುವಾದದ್ದಕ್ಕೆ ಕಾರಣ ನಮ್ಮದೇ ರಾಜ್ಯದಲ್ಲಿತ್ತು: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ. ಅದರ ವೈರಸ್ ಹೊತ್ತ ಉಣ್ಣೆಗಳನ್ನು ವಲಸೆ ಹಕ್ಕಿಗಳು ತರುತ್ತಿವೆಯೇ ಎಂಬ ಪ್ರಶ್ನೆ ಆಗ ಎದ್ದಿತ್ತು. ಹಾಗಾಗಿ ಹಕ್ಕಿಯ ಮೈಮೇಲಿನ ಉಣ್ಣೆ ನೋಡುವುದು ಈ ಕೆಲಸಕ್ಕೆ ಹೊಸದಲ್ಲ. ಕೈ ತೊಳೆಯುವ ವಿಷಯದಲ್ಲಿ ಸೋಮಾರಿತನ ಬೇಡ ಎಂದು ಹೇಳಲು ಇಷ್ಟು ಬರೆದೆ.

—

ಹಿರೇಹಳ್ಳ_ಕೊಪ್ಪಳ:

ಬಹಳ ಉಪಕಾರ ಆಯಿತು. ಬಲೆ ಕೊಳ್ಳುವ ವಿಚಾರ ಅಲ್ಲಿಗೇ ಬಿಟ್ಟೆ. ಇನ್ನು ಮೂರು ಪ್ರಶ್ನೆ. ಬಲೆಗಳನ್ನು ಎಷ್ಟು ಹೊತ್ತಿಗೊಮ್ಮೆ ನೋಡಬೇಕು? ಇಂಗ್ಲಿಷ್ ಕೈಪಿಡಿಗಳಲ್ಲಿ 30 ನಿಮಿಷ ಅಂತಿದೆ. ಹೋಗುವ ಮೊದಲು ಮನೆಯಲ್ಲಿ ಹಕ್ಕಿ ಇಲ್ಲದೆ ಏನು ಅಭ್ಯಾಸ ಮಾಡಬಹುದು? ಮತ್ತೆ, ಪರವಾನಗಿ ಬೇಡದ, ಆದರೆ ರಿಂಗಿಂಗ್‌ಗೆ ಸಂಬಂಧಪಟ್ಟ ಕೆಲಸ ನಮ್ಮ ಮೂರು ಜಿಲ್ಲೆಯಲ್ಲಿ ಏನಿದೆ?

—

ಮಸ್ಕಿನಾಲಾ (ರಾಯಚೂರು):

30 ನಿಮಿಷ ಅಂಬೋದು ಥಂಡಿ ದೇಶದ ಲೆಕ್ಕ, ಅಲ್ಲೂ ಅದು ಮೇಲ್ಮಿತಿ. ಅಮೆರಿಕದಾಗ 1989ರಿಂದ ನಡದಿರೋ ಮ್ಯಾಪ್ಸ್ ಅನ್ನೋ ಹಕ್ಕಿ ರಿಂಗಿಂಗ್ ಯೋಜನೆಯಾಗ ಹತ್ತು ದಿನಕ್ಕೊಮ್ಮೆ, ಸೂರ್ಯೋದಯದಿಂದ ಆರು ತಾಸು ಬಲಿ ತೆರೆದಿಡ್ತಾರ. ನಮ್ಮ ಕಡೆ ಬಿಸಿಲಿನಾಗ ಹಂಗ ಮಾಡಿದ್ರ ಮಧ್ಯಾಹ್ನ ಹನ್ನೆರಡಕ್ಕ ಹಕ್ಕಿ ಬಲ್ಯಾಗೇ ಬಾಡಿ ಹೋಗ್ತಾವ. ಹೊತ್ತು ಹುಟ್ಟೋ ಮುಂದ ತೆರಿಬೇಕು, ಮೊದಲ ತಾಸಿನಾಗ 20 ನಿಮಿಷಕ್ಕೊಮ್ಮೆ, ಬಿಸಿಲು ಏರಿದಂಗ 10-15 ನಿಮಿಷಕ್ಕೊಮ್ಮೆ ಸುತ್ತು ಹಾಕಬೇಕು. ಬಲಿ ಮ್ಯಾಲ ನೇರ ಬಿಸಿಲು ಬಿತ್ತಂದ್ರ ಆ ಬಲಿ ಮುಚ್ಚಬೇಕು, ಉಳಿದವು ನೆರಳಾಗ ಇದ್ರ ಇರಲಿ. ಮಳಿ ಹನಿ ಬಿದ್ರ ಎಲ್ಲ ಮುಚ್ಚೋದು. ಕೊಡಿಯಕ್ಕರೈ ಕಡೆ ಅಕ್ಟೋಬರಿನಿಂದ ಡಿಸೆಂಬರ್ ತನಕ ಈಶಾನ್ಯ ಮಾರುತದ ಮಳಿ, ಅಲ್ಲಿ ಇದು ದಿನದ ಮಾತು. ಗಾಳಿ ಎದ್ರೂ ಹಂಗೇ: ಬಲಿ ಉಬ್ಬಿ ಕಣ್ಣಿಗೆ ಕಾಣ್ತದ, ಹಕ್ಕಿ ಬೀಳಂಗಿಲ್ಲ, ಬಿದ್ದದ್ದು ಹೆಚ್ಚು ಸಿಗಿತದ.

ಒಂದು ಸುತ್ತಿನಾಗ ಗುಂಪು ಹಕ್ಕಿ ಬಿದ್ದು ಕೈ ಸಾಲದಂಗಾದ್ರ ಉಳಿದ ಬಲಿ ಮೊದಲು ಮುಚ್ಚಬೇಕು, ಆಮ್ಯಾಲ ಬಿಡಸಬೇಕು. ರಾಟವಾಳ, ಗೀಜಗದ ಹಿಂಡು ಒಮ್ಮೆಲೇ ಬಂದು ಬೀಳ್ತಾವ, ಹಂಗ ಆಗೋದು ಅಪರೂಪ ಅಲ್ಲ. ಚೀಲದಾಗ ಇರೋವು ಹೆಚ್ಚಾದ್ರ ಕೆಲವು ರಿಂಗ್ ಇಲ್ಲದೇ ಬಿಟ್ಟುಬಿಡ್ರಿ ಅಂತ ಕ್ಯಾಂಪಿನ ಹಿರಿಯರು ಹೇಳ್ತಾರ. "ಅಯ್ಯೋ, ಹಿಡಿದದ್ದು ವ್ಯರ್ಥ" ಅನಬ್ಯಾಡ್ರಿ.

ಹಕ್ಕಿ ಬಾಯಿ ತೆರೆದು ಏದುಸಿರು ಬಿಡ್ತಿದ್ರ, ಗರಿ ಉಬ್ಬಿಸಿ ಕಣ್ಣು ಮುಚ್ಚತಿದ್ರ, ಕುತ್ತಿಗಿ ವಾಲಿದ್ರ ಅಳತಿ ಬ್ಯಾಡ. ನೆರಳಾಗ, ತಗ್ಗು ಕೊಂಬಿ ಮ್ಯಾಲ ಬಿಡ್ರಿ. ಹಾಳ್ಯಾಗ ಕಾರಣ ಬರೀರಿ.

—

ದರೋಜಿಬಂಡೆ (ಬಳ್ಳಾರಿ):

ಮಸ್ಕಿನಾಲಾ ಅವರ 10-15 ನಿಮಿಷಕ್ಕೆ ನನ್ನ ಒಪ್ಪಿಗೆ ಇದೆ, ಒಂದು ಷರತ್ತಿನೊಂದಿಗೆ. ಬಲೆಗಳ ಸಂಖ್ಯೆ ಜನರ ಸಂಖ್ಯೆಗೆ ತಕ್ಕಂತಿದ್ದರೆ ಮಾತ್ರ ಇದು ಸಾಧ್ಯ. ಇಬ್ಬರೇ ಬಿಡಿಸುವವರಿದ್ದು ಹತ್ತು ಬಲೆ ತೆರೆದರೆ ಯಾವ ವೇಳಾಪಟ್ಟಿಯೂ ಉಳಿಯುವುದಿಲ್ಲ. ಅಪಾಯದ ಪ್ರಮಾಣ ಹೇಳುವುದಾದರೆ, ಅಮೆರಿಕ ಮತ್ತು ಕೆನಡಾದ 22 ಸಂಸ್ಥೆಗಳ ದಾಖಲೆ ಆಧರಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಲೆಗೆ ಬಿದ್ದವುಗಳಲ್ಲಿ ಗಾಯಗೊಂಡದ್ದು ಸರಾಸರಿ 0.59 ಶೇಕಡಾ, ಸತ್ತದ್ದು 0.23 ಶೇಕಡಾ. ಸಾವಿರಕ್ಕೆ ಆರು, ಎರಡು ಎಂದಿಟ್ಟುಕೊಳ್ಳಿ. ಅದು ಪಳಗಿದ ಕೈಗಳ ಲೆಕ್ಕ, ಹೊಸಬರ ಲೆಕ್ಕ ಅಲ್ಲ. ಆದ್ದರಿಂದಲೇ ಮೊದಲ ಕೆಲವು ದಿನ ಹೊಸಬರಿಗೆ ಬಿಡಿಸಲು ಕೊಡದ ಕ್ಯಾಂಪ್ ಒಳ್ಳೆಯ ಕ್ಯಾಂಪ್.

ಮನೆಯಲ್ಲಿ ಅಭ್ಯಾಸಕ್ಕೆ:

ಬಿಡಿಸುವುದು. ಸಣ್ಣ ಕಣ್ಣಿನ ಬೆಳ್ಳುಳ್ಳಿ ಚೀಲ ಅಥವಾ ಹಳೆಯ ಸೊಳ್ಳೆ ಪರದೆಗಿಂತ ಮೆದುವಾದ ಯಾವುದಾದರೂ ಬಲೆ ತೆಗೆದುಕೊಳ್ಳಿ. ಮಗುವಿನ ಕಾಲುಚೀಲಕ್ಕೆ ಹತ್ತಿ ತುಂಬಿ, ಎರಡು ತೆಳು ತಂತಿಯ ಕಾಲು ಮಾಡಿ, ತುದಿ ಕೊಕ್ಕೆಯಂತೆ ಬಾಗಿಸಿ ಬಲೆಗೆ ಸಿಗಿಸಿ. ಕ್ರೋಶಾ ಕಡ್ಡಿಯ ಸಣ್ಣ ತುದಿಯಿಂದ ಒಂದೊಂದು ಎಳೆ ಎತ್ತಿ ಬಿಡಿಸಿ. ಬೇಗ ಮಾಡುವುದು ಗುರಿಯಲ್ಲ. ಎಡಗೈ ಬೊಂಬೆಯನ್ನು ಎಷ್ಟು ಒತ್ತುತ್ತಿದೆ ಎಂಬುದರ ಮೇಲೆ ಗಮನ ಇರಲಿ.

ಅಳತೆ. 0.1 ಮಿ.ಮೀ. ತೋರಿಸುವ ವರ್ನಿಯರ್ ಕ್ಯಾಲಿಪರ್ಸ್ ಕಾಲೇಜಿನಲ್ಲಿ ಇದ್ದೇ ಇರುತ್ತದೆ. ಒಂದು ಪೆನ್ಸಿಲನ್ನು ಹಲವು ಸಲ ಅಳೆದು, ಹಿಂದಿನ ಅಂಕಿ ನೋಡದೆ ಬರೆಯಿರಿ. 0.2ಕ್ಕಿಂತ ಹೆಚ್ಚು ಓಲಾಡಿದರೆ ಕೈ ಇನ್ನೂ ಒತ್ತುತ್ತಿದೆ. ರೆಕ್ಕೆ ಅಳೆಯುವ ಸ್ಕೇಲಿಗೆ ತುದಿಯಲ್ಲಿ ತಡೆಗಟ್ಟು ಇರುತ್ತದೆ. ಮಡಿಸಿದ ರೆಕ್ಕೆಯ ಮಣಿಕಟ್ಟನ್ನು ಅದಕ್ಕೆ ಒರಗಿಸಿ ಅತಿ ಉದ್ದದ ಗರಿಯ ತುದಿಯವರೆಗೆ ಓದಬೇಕು. ರೆಕ್ಕೆಯನ್ನು ಒತ್ತಿ ಚಪ್ಪಟೆ ಮಾಡಿ ಅಳೆಯುವುದು, ಒತ್ತದೆ ಸಹಜ ಬಾಗಿನಲ್ಲಿ ಅಳೆಯುವುದು ಎರಡು ಬೇರೆ ವಿಧಾನ. ಒಂದೇ ಹಕ್ಕಿಗೆ ಬೇರೆ ಬೇರೆ ಅಂಕಿ ಬರುತ್ತದೆ. ಕ್ಯಾಂಪಿನಲ್ಲಿ ಯಾವುದು ಬಳಕೆಯಲ್ಲಿದೆ ಎಂದು ಕೇಳದೆ ಅಳೆಯಬೇಡಿ.

ತೂಕ. ಸ್ಪ್ರಿಂಗ್ ತಕ್ಕಡಿ ಸರಿಯಿದೆಯೇ ನೋಡಲು ನಾಣ್ಯ ಸಾಕು. 2011ರ ಸರಣಿಯ 5 ರೂಪಾಯಿ ನಾಣ್ಯ 6 ಗ್ರಾಂ, ಐದು ಸೇರಿದರೆ 30. ಹಳೆಯ ದಪ್ಪ 5 ರೂಪಾಯಿ ಬೇರೆ ತೂಕ, ಬೆರೆಸಬೇಡಿ.

ವಯಸ್ಸಿನ ಸಂಕೇತ. ಯುರೋಪಿನ ಕೈಪಿಡಿಗಳಲ್ಲಿ 3 ಅಂದರೆ ಇದೇ ಕ್ಯಾಲೆಂಡರ್ ವರ್ಷದಲ್ಲಿ ಹುಟ್ಟಿದ್ದು, 4 ಅಂದರೆ ಅದಕ್ಕೂ ಮೊದಲು ಹುಟ್ಟಿದ್ದು. ಅಲ್ಲಿ ಹಕ್ಕಿಗಳು ಬೇಸಿಗೆಯಲ್ಲಷ್ಟೇ ಮರಿ ಮಾಡುವುದರಿಂದ ಜನವರಿ ಒಂದಕ್ಕೆ ವಯಸ್ಸು ಬದಲಿಸಿದರೂ ಗೊಂದಲವಿಲ್ಲ. ನಮ್ಮಲ್ಲಿ ಮಳೆ ನೋಡಿಕೊಂಡು ಬೇರೆ ಬೇರೆ ತಿಂಗಳಲ್ಲಿ ಮರಿ ಮಾಡುವ ಸ್ಥಳೀಯ ಜಾತಿಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಡಿಸೆಂಬರಿನಲ್ಲಿ ಗೂಡು ಬಿಟ್ಟ ರಾಟವಾಳ ಜನವರಿಯಲ್ಲಿ "ಕಳೆದ ವರ್ಷದ್ದು" ಆಗಿಬಿಡುತ್ತದೆ. ಉಷ್ಣವಲಯಕ್ಕೆಂದು ಗರಿ ಬದಲಾವಣೆಯ ಸುತ್ತನ್ನೇ ಆಧಾರ ಮಾಡಿಕೊಂಡ ಪದ್ಧತಿ ಬೇರೆ ಇದೆ. ಎರಡನ್ನೂ ಒಮ್ಮೆ ಓದಿಕೊಂಡು ಹೋಗಿ. ವಲಸೆ ಬಂದ ಉಲಿಯಕ್ಕಿಗೆ ಒಂದು, ಊರ ಪಿಕಳಾರಕ್ಕೆ ಇನ್ನೊಂದು ಎನ್ನುವ ಪರಿಸ್ಥಿತಿ ಬರಬಹುದು.

ಒಯ್ಯುವ ಸಾಮಾನು ಹೆಚ್ಚೇನಿಲ್ಲ: ಗುಂಡಿ ಇಲ್ಲದ ಮಾಸಲು ಬಣ್ಣದ ಟೀ ಶರ್ಟು (ಅಂಗಿಯ ಗುಂಡಿಗೆ ಬಲೆ ಸಿಗಿಯುವಷ್ಟು ಇನ್ಯಾವುದಕ್ಕೂ ಸಿಗಿಯುವುದಿಲ್ಲ), ತಲೆಗೆ ಕಟ್ಟುವ ಟಾರ್ಚ್, ಉಗುರು ಕತ್ತರಿ, ಕ್ರೋಶಾ ಕಡ್ಡಿ, ಪೆನ್ಸಿಲ್, ಕೈಗೆ ಹಚ್ಚುವ ಸ್ಯಾನಿಟೈಸರ್. ಉಂಗುರ, ಕೈಗಡಿಯಾರ, ಕೈದಾರ ಬಿಚ್ಚಿಟ್ಟು ಹೋಗಿ. ಸೊಳ್ಳೆ ಮುಲಾಮು ಅಂಗೈಗೆ ಹಚ್ಚಬೇಡಿ, ಅದು ಹಕ್ಕಿಯ ಗರಿಗೆ, ಕಣ್ಣಿಗೆ ಹತ್ತುತ್ತದೆ. ತೋಳು, ಕಾಲಿಗೆ ಹಚ್ಚಿ ಬೆರಳು ಸೋಪಿನಲ್ಲಿ ತೊಳೆದುಕೊಳ್ಳಿ.

—

ನೀರಂಚು (ಹಿನ್ನೀರಿನ ದಂಡೆ, ಕೊಪ್ಪಳ):

ಮೂರನೇ ಪ್ರಶ್ನೆ ನನ್ನದು. ರಿಂಗ್ ಹಾಕುವುದು ಅರ್ಧ ಕೆಲಸ, ಹಾಕಿದ್ದನ್ನು ಓದುವುದು ಉಳಿದರ್ಧ. ಓದಲು ಯಾರ ಪರವಾನಗಿಯೂ ಬೇಡ. ಅಭಯಾರಣ್ಯ, ಸಂರಕ್ಷಣಾ ಮೀಸಲಿನ ಒಳಗಾದರೆ ಅರಣ್ಯ ಇಲಾಖೆಗೆ ಹೇಳಿಯೇ ಹೋಗಿ.

ಚಳಿಗಾಲದಲ್ಲಿ ತುಂಗಭದ್ರಾ ಹಿನ್ನೀರಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾದಲ್ಲಿ ಸಂಶೋಧಕರು ಈ ಜಾತಿಯ ಕತ್ತಿಗೆ ಸಂಕೇತ ಬರೆದ ಪ್ಲಾಸ್ಟಿಕ್ ಪಟ್ಟಿ ತೊಡಿಸಿದ್ದಾರೆ. ಅಂಥ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡು ದಾಖಲಾಗಿವೆ. ಹೆಬ್ಬಾತು ಹಗಲು ನೀರಂಚಿನಲ್ಲಿ ಕೂತು, ಸಂಜೆ ಬೆಳಗ್ಗೆ ಹೊಲಗಳಿಗೆ ಮೇಯಲು ಹೋಗುತ್ತದೆ. ನೀರಿನಲ್ಲಿ ಈಜುತ್ತಿದ್ದರೆ ಕಾಲಿನ ರಿಂಗ್ ಕಾಣುವುದಿಲ್ಲ, ಕತ್ತಿನ ಪಟ್ಟಿ ಕಾಣುತ್ತದೆ. ದಂಡೆಗೆ ಹತ್ತಿದಾಗ ಎರಡೂ ಕಾಣುತ್ತವೆ.

ಬೈನಾಕ್ಯುಲರ್ ಸಾಲದು. 20ರಿಂದ 60 ಪಟ್ಟು ಹಿಗ್ಗಿಸುವ ಸ್ಪಾಟಿಂಗ್ ಸ್ಕೋಪ್, ಅಲ್ಲಾಡದ ಟ್ರೈಪಾಡ್ ಬೇಕು. ಹತ್ತು ಗಂಟೆ ದಾಟಿದರೆ ನೀರಿನ ಮೇಲೆ ಬಿಸಿಲ ಝಳಕ್ಕೆ ಅಕ್ಷರ ಕುಣಿಯುತ್ತದೆ, 60ಕ್ಕೆ ಏರಿಸಿದಷ್ಟೂ ಕೆಡುತ್ತದೆ. ಆಗ 30ಕ್ಕೆ ಇಳಿಸಿ. ಸೂರ್ಯ ಬೆನ್ನ ಹಿಂದಿರುವ ದಂಡೆ ಆರಿಸಿಕೊಳ್ಳಿ. ಹಿಂಡು ಮೇಯುವುದು ಬಿಟ್ಟು ಎಲ್ಲವೂ ತಲೆ ಎತ್ತಿ ನಿಂತರೆ ನೀವು ಜಾಸ್ತಿ ಹತ್ತಿರ ಹೋಗಿದ್ದೀರಿ. ಒಂದು ನಂಬರಿಗಾಗಿ ಇಡೀ ಹಿಂಡು ಎಬ್ಬಿಸುವುದು ಸರಿಯಲ್ಲ.

ಬರೆದುಕೊಳ್ಳಬೇಕಾದದ್ದು: ಪಟ್ಟಿಯ ಬಣ್ಣ, ಅಕ್ಷರದ ಬಣ್ಣ, ಸಂಕೇತ, ಅದನ್ನು ಮೇಲಿಂದ ಕೆಳಗೆ ಓದಿದಿರೋ ಅಡ್ಡಕ್ಕೋ, ದಿನ, ಹೊತ್ತು, ಜಾಗದ ಅಕ್ಷಾಂಶ ರೇಖಾಂಶ, ಹಿಂಡಿನ ಗಾತ್ರ. ಅರ್ಧ ಮಾತ್ರ ಓದಲಾದರೆ ಅರ್ಧವನ್ನೇ ಬರೆಯಿರಿ, ಊಹಿಸಿ ತುಂಬಬೇಡಿ. 0 ಮತ್ತು ಓ, 1 ಮತ್ತು ಐ, 8 ಮತ್ತು ಬಿ ಗೊಂದಲ ಯಾವಾಗಲೂ ಇರುತ್ತದೆ. ಗೊರವಗಳ ಕಾಲಿಗೆ ಬಣ್ಣದ ಬಾವುಟದಂಥ ಪಟ್ಟಿ ಇದ್ದರೆ ಎಡ ಬಲ ಹಕ್ಕಿಯದ್ದು, ನಿಮ್ಮದಲ್ಲ. ಕೀಲಿನ ಮೇಲೋ ಕೆಳಗೋ, ಎರಡಿದ್ದರೆ ಯಾವುದು ಮೇಲೆ ಎಂಬುದೂ ಸಂಕೇತದ ಭಾಗ. ಮಸುಕಾದರೂ ಒಂದು ಫೋಟೋ ತೆಗೆದಿಡಿ.

ಸತ್ತ ಹಕ್ಕಿಯ ಕಾಲಲ್ಲಿ ಲೋಹದ ರಿಂಗ್ ಸಿಕ್ಕರೆ ಬರಿಗೈಯಲ್ಲಿ ಮುಟ್ಟಬೇಡಿ, ಹಕ್ಕಿಜ್ವರದ ಸಾಧ್ಯತೆ ಇದ್ದೇ ಇರುತ್ತದೆ. ಒಂದಕ್ಕಿಂತ ಹೆಚ್ಚು ಸತ್ತಿದ್ದರೆ ಪಶುಸಂಗೋಪನಾ ಇಲಾಖೆಗೂ ಅರಣ್ಯ ಇಲಾಖೆಗೂ ಮೊದಲು ತಿಳಿಸಿ. ರಿಂಗ್ ಸುತ್ತ ಇರುವ ಬರಹ ಪೂರ್ತಿ ಬರುವಂತೆ ಮೂರು ನಾಲ್ಕು ಕೋನದಿಂದ ಫೋಟೋ ತೆಗೆಯಿರಿ. ನಮ್ಮ ದೇಶದ ರಿಂಗುಗಳ ಮೇಲೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ ಎಂಬರ್ಥದ ಇಂಗ್ಲಿಷ್ ಬರಹ ಇರುತ್ತದೆ. ಹೊರದೇಶದ ರಿಂಗ್ ಆದರೂ ಅವರಿಗೇ ಕಳಿಸಿದರೆ ಸಂಬಂಧಪಟ್ಟವರಿಗೆ ತಲುಪಿಸುತ್ತಾರೆ. ಬದುಕಿರುವ ಹಕ್ಕಿಯ ರಿಂಗ್ ಯಾವ ಕಾರಣಕ್ಕೂ ಬಿಚ್ಚಬಾರದು. ಹಳ್ಳಿಗಳಲ್ಲಿ "ಇದರಲ್ಲಿ ಕ್ಯಾಮೆರಾ ಇದೆ" ಎಂದು ಹಿಡಿದಿಟ್ಟುಕೊಂಡಿದ್ದರೆ, ಅದು ಬರೀ ನಂಬರ್ ಬರೆದ ಲೋಹದ ಬಳೆ ಎಂದು ಹೇಳಿ ಬಿಡಿಸಿ.

ಇದಲ್ಲದೆ ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ, 1987ರಿಂದ ನಡೆದುಬಂದದ್ದು. ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲು ಈಗ ವಿಜಯನಗರ ಜಿಲ್ಲೆಗೆ ಸೇರಿದರೂ ನಮಗೆ ದೂರವೇನಲ್ಲ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಮೇಲೆ ಅಲ್ಲಿ ಎಣಿಕೆ ಬಲ್ಲವರ ಅಗತ್ಯ ಇನ್ನೂ ಹೆಚ್ಚಿದೆ. ಸಿಂಧನೂರು, ಮಾನ್ವಿ, ಗಂಗಾವತಿ ಕಡೆಯ ನಾಲೆ ಕೊನೆಯ ಭತ್ತದ ಗದ್ದೆಗಳಲ್ಲಿ ಗೊರವಗಳನ್ನು ಕೂತು ನೋಡುವವರೇ ಕಡಿಮೆ, ಬಾವುಟ ಕಟ್ಟಿದವು ಇದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ.

—

ಹಿರೇಹಳ್ಳ_ಕೊಪ್ಪಳ:

ಕಾಲೇಜಿನಲ್ಲಿ ಸ್ಕೋಪ್ ಇದೆ, ಟ್ರೈಪಾಡ್ ಮಾತ್ರ ಅಲ್ಲಾಡುತ್ತದೆ. ಅದಕ್ಕೇನಾದರೂ ಉಪಾಯ?

—

ನೀರಂಚು (ಹಿನ್ನೀರಿನ ದಂಡೆ, ಕೊಪ್ಪಳ):

ನಡುಗಂಬದ ಕೊಕ್ಕೆಗೆ ಎರಡು ಮೂರು ಕೆಜಿ ಮರಳು ತುಂಬಿದ ಚೀಲ ತೂಗುಹಾಕಿ, ಚೀಲದ ತಳ ನೆಲಕ್ಕೆ ಸ್ವಲ್ಪ ತಾಗುವಂತಿರಲಿ. ಗಾಳಿಗೆ ತೂಗಾಡಿದರೆ ಇನ್ನೂ ಕೆಡುತ್ತದೆ. ನಡುಗಂಬ ಮೇಲೆತ್ತಬೇಡಿ, ಕಾಲುಗಳನ್ನು ಗಿಡ್ಡ ಮಾಡಿ ನೆಲದ ಮೇಲೆ ಕೂತು ನೋಡಿ. ಹಕ್ಕಿಗಳೂ ಕಡಿಮೆ ಬೆದರುತ್ತವೆ.